ಹವಳದ ದಿಬ್ಬದಲ್ಲಿ ಮೊದಲ ಡೈವ್: ಉಸಿರು ಬಿಗಿಹಿಡಿಯಬೇಡಿ

ಏನಾದರೂ ಬಹಳ ಚೆಂದದ್ದು ಕಂಡರೆ ‘ಉಸಿರು ಬಿಗಿಹಿಡಿದು ನೋಡಿದೆ’ ಅನ್ನುತ್ತೇವೆ ಅಲ್ವಾ? ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರಿನಡಿಗೆ ಇಳಿಯುವ ಸ್ಕೂಬಾ ಡೈವಿಂಗ್‌ನಲ್ಲಿ ಮಾಡಲೇಬಾರದ ಕೆಲಸ ಅಂದರೆ ಅದೇ. ಎದುರಿಗೆ ಆಮೆ ಬರಲಿ, ಶಾರ್ಕ್ ಬರಲಿ, ಮಾಸ್ಕಿನೊಳಗೆ ನೀರೇ ನುಗ್ಗಲಿ, ಉಸಿರು ಮಾತ್ರ ಆಡುತ್ತಲೇ ಇರಬೇಕು. ಮಿಕ್ಕಿದ್ದನ್ನು ಮರೆತರೆ ನೆನಪಿಸಲು ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರುತ್ತಾರೆ. ನಿಮ್ಮ ಉಸಿರನ್ನು ಮಾತ್ರ ಅವರು ಆಡಲಿಕ್ಕಾಗುವುದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸಮುದ್ರದಲ್ಲಿ 10 ಮೀಟರ್ ಇಳಿದಾಗಲೆಲ್ಲ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತದೆ. ಮೇಲೆ ಒಂದು, 10 ಮೀಟರ್‌ನಲ್ಲಿ ಎರಡು, 20ರಲ್ಲಿ ಮೂರು. ಊದಿದ ಬಲೂನನ್ನು 10 ಮೀಟರ್ ಕೆಳಗೆ ಒಯ್ದರೆ ಅರ್ಧಕ್ಕೆ ಕುಗ್ಗುತ್ತದೆ, ಮೇಲೆ ತಂದರೆ ಮತ್ತೆ ಮೊದಲಿನಂತಾಗುತ್ತದೆ. ದಡದಲ್ಲಿ ಉಸಿರೆಳೆದುಕೊಂಡು ಮುಳುಗಿ ಏಳುವವರ ಶ್ವಾಸಕೋಶಕ್ಕೆ ಆಗುವುದು ಇಷ್ಟೇ. ನಾವು ಹಾಗಲ್ಲ, ಕೆಳಗೆ ಹೋಗಿ ಅಲ್ಲೇ ಟ್ಯಾಂಕಿನಿಂದ ಎದೆ ತುಂಬ ಗಾಳಿ ಎಳೆಯುತ್ತೇವೆ. ಅದನ್ನು ಒಳಗೇ ಕಟ್ಟಿಕೊಂಡು 10 ಮೀಟರ್‌ನಿಂದ ಮೇಲೆ ಬಂದರೆ ಗಾಳಿ ಎರಡರಷ್ಟು ಹಿಗ್ಗುತ್ತದೆ, ಎದೆ ಅಷ್ಟು ಹಿಗ್ಗುವುದಿಲ್ಲ. ಶ್ವಾಸಕೋಶಕ್ಕೆ ಪೆಟ್ಟಾಗಲು ಒಂದೆರಡು ಮೀಟರ್ ಏರಿದರೂ ಸಾಕು. ಬಾಯಿ, ಗಂಟಲು ತೆರೆದಿದ್ದು ಉಸಿರು ಹರಿಯುತ್ತಿದ್ದರೆ ಹೆಚ್ಚಿನ ಗಾಳಿ ತಾನಾಗಿ ಹೊರಗೆ ಹೋಗುತ್ತದೆ.

ಹೋಗುವ ಮೊದಲು

ದಾರಿ ಎರಡಿವೆ. ಒಂದು, ಒಂದೇ ದಿನದ ಟ್ರೈ ಡೈವ್. ಸ್ವಲ್ಪ ಹೊತ್ತು ಪಾಠ, ಆಳವಿಲ್ಲದ ನೀರಿನಲ್ಲಿ ಅಭ್ಯಾಸ, ಆಮೇಲೆ ಇನ್‌ಸ್ಟ್ರಕ್ಟರ್ ಜೊತೆ ಹೆಚ್ಚೆಂದರೆ 12 ಮೀಟರ್‌ವರೆಗೆ. ಇನ್ನೊಂದು ಓಪನ್ ವಾಟರ್ ಕೋರ್ಸ್, ಮೂರು ನಾಲ್ಕು ದಿನ ಬೇಕು, ಮುಗಿದರೆ 18 ಮೀಟರ್‌ವರೆಗೆ ಜೊತೆಗಾರರೊಂದಿಗೆ ಇಳಿಯಬಹುದು. ಎರಡಕ್ಕೂ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು. ಕೋರ್ಸಿಗೆ ಈಜು ಬರಲೇಬೇಕು: 200 ಮೀಟರ್ ಈಜುವುದು, 10 ನಿಮಿಷ ತೇಲುವುದು. ಟ್ರೈ ಡೈವ್‌ಗೆ ಈಜು ಬಾರದವರನ್ನೂ ಕೆಲವು ಕಡೆ ಕರೆದುಕೊಂಡು ಹೋಗುತ್ತಾರೆ. ನನ್ನ ಪ್ರಕಾರ ಈಜಿಗಿಂತ ಮುಖ್ಯವಾದದ್ದು, ಮುಖವನ್ನು ನೀರಿನಲ್ಲಿಟ್ಟರೆ ಗಾಬರಿಯಾಗದಿರುವುದು. ಅದನ್ನು ಮೊದಲೇ ಸ್ನಾರ್ಕೆಲ್ (ನೀರಿನ ಮೇಲಿನ ಗಾಳಿ ಎಳೆಯುವ ಕೊಳವೆ) ಹಾಕಿಕೊಂಡು ಒಂದು ಗಂಟೆ ಸುಮ್ನೆ ತೇಲಿ ರೂಢಿ ಮಾಡಿಕೊಳ್ಳಿ.

ಆರೋಗ್ಯದ ಫಾರಂ ಒಂದನ್ನು ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಆಪರೇಷನ್, ಗರ್ಭಿಣಿಯೇ, ಹೀಗೆ ಕೇಳುತ್ತಾ ಹೋಗುತ್ತದೆ. ‘ಹೌದು’ ಅಂತ ಬರೆದರೆ ಡಾಕ್ಟರ ಪತ್ರ ತರಲು ಹೇಳುತ್ತಾರೆ ಅಂತ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚುವವರನ್ನು ನೋಡಿದ್ದೇನೆ. ಅಲ್ಲಿ ಸುಳ್ಳು ಹೇಳಿದರೆ ಮೋಸ ಹೋಗುವವರು ನೀವೇ. ಗರ್ಭಿಣಿಯರಿಗೆ ಡೈವಿಂಗ್ ಬೇಡವೇ ಬೇಡ. ನೆಗಡಿ ಇದ್ದರೂ ಬೇಡ. ಮೂಗು ಕಟ್ಟಿದ್ದಕ್ಕೆ ಮಾತ್ರೆ ನುಂಗಿ ಇಳಿದರೆ, ಮಾತ್ರೆಯ ಪ್ರಭಾವ ಕೆಳಗಿದ್ದಾಗಲೇ ಇಳಿದುಹೋಗಿ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಸಿಕ್ಕಿಕೊಳ್ಳಬಹುದು. ಇಳಿಯಲಾಗದಿದ್ದರೆ ಇಳಿಯದೆ ಇರಬಹುದು, ಆದರೆ ಮೇಲೆ ಬರದೆ ಇರಲಾಗುತ್ತದೆಯೇ?

ಜಾಗ ಆರಿಸುವಾಗ ‘ಎಷ್ಟು ಆಳ ಕರೆದುಕೊಂಡು ಹೋಗುತ್ತೀರಿ’ ಅಂತ ಹೆಮ್ಮೆಯಿಂದ ಕೇಳಬೇಡಿ. ಹವಳದ ದಿಬ್ಬದಲ್ಲಿ ಆಳ ಹೋದಷ್ಟೂ ಚೆಂದ ಅನ್ನುವುದು ತಪ್ಪು ಲೆಕ್ಕ. ದಿಬ್ಬ ಕಟ್ಟುವ ಹವಳಕ್ಕೆ ಬಿಸಿಲು ಬೇಕು, ಹಾಗಾಗಿ ಬಿಸಿಲು ಚೆನ್ನಾಗಿ ತಲುಪುವ ಮೇಲಿನ ನೀರಿನಲ್ಲೇ ಜೀವ ಕಿಕ್ಕಿರಿದಿರುತ್ತದೆ. ನೀರು ಬಣ್ಣವನ್ನೂ ನುಂಗುತ್ತದೆ, ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ದಾಟುವಷ್ಟರಲ್ಲಿ ಕೆಂಪೆಲ್ಲ ಕಂದುಬಣ್ಣಕ್ಕೆ ತಿರುಗಿರುತ್ತದೆ. ಇನ್ನೂ ಕೆಳಗೆ ಬೆರಳು ಕೊಯ್ದುಕೊಂಡರೆ ರಕ್ತ ಹಸಿರಾಗಿ ಕಾಣುತ್ತದೆ. ಗಾಳಿಯೂ ಆಳದಲ್ಲಿ ಬೇಗ ಖಾಲಿ.

ಕೇಳಬೇಕಾದ್ದು ಬೇರೆ. ಸೆಳೆತ ಇದೆಯೇ? ತಳ ಮರಳೇ, ಹವಳವೇ? ಅಭ್ಯಾಸ ಮಾಡಿಸುವುದು ಎಲ್ಲಿ? ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಎಷ್ಟು ಜನ? ಹೊಸಬರಿಗೆ ಹೇಳಿಮಾಡಿಸಿದ ಜಾಗ ಅಂದರೆ ಅಲೆಗೆ ಮರೆಯಾದ ಬದಿ, ಐದರಿಂದ ಹತ್ತು ಮೀಟರ್‌ನಲ್ಲಿ ಮರಳಿನ ತಳ, ಅದರ ಮಧ್ಯೆ ಅಲ್ಲಲ್ಲಿ ಹವಳದ ಗುಡ್ಡೆಗಳು. ಮರಳಿದ್ದರೆ ನೀವು ತಪ್ಪಿ ಕೆಳಗೆ ಕೂತರೂ ಏನೂ ಮುರಿಯುವುದಿಲ್ಲ. ಒಬ್ಬರ ಕೈಕೆಳಗೆ ಇಬ್ಬರು ಹೊಸಬರಿದ್ದರೆ ಒಳ್ಳೆಯದು, ನಾಲ್ಕಕ್ಕಿಂತ ಜಾಸ್ತಿ ಇದ್ದರೆ ನಾನಂತೂ ವಾಪಸ್ ಬರುತ್ತೇನೆ.

ಮೈಮೇಲಿನ ಸಾಮಾನು

ಬೆನ್ನ ಮೇಲಿರುವುದು ಆಕ್ಸಿಜನ್ ಸಿಲಿಂಡರ್ ಅಲ್ಲ. ಪೇಪರಿನಲ್ಲೂ ಹಾಗೇ ಬರೆಯುತ್ತಾರೆ, ನೀವಾದರೂ ಬಿಟ್ಟುಬಿಡಿ. ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಮಾಮೂಲಿ ಗಾಳಿಯೇ, ಒತ್ತಿ ತುಂಬಿದ್ದಾರೆ ಅಷ್ಟೆ. ಸಾಮಾನ್ಯ ಅಲ್ಯೂಮಿನಿಯಂ ಟ್ಯಾಂಕಿನ ಒಳಜಾಗ ಸುಮಾರು 11 ಲೀಟರ್, ತುಂಬುವುದು 200 ಬಾರ್ ಒತ್ತಡದವರೆಗೆ (ಒಂದು ಬಾರ್ ಅಂದರೆ ಸುಮಾರು ಒಂದು ವಾತಾವರಣದಷ್ಟು). ಅಂದರೆ ಹತ್ತಿರ ಹತ್ತಿರ 2,200 ಲೀಟರ್ ಗಾಳಿ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು ಅನ್ನುವುದು ರೂಢಿ, ಹಾಗಾಗಿ ಖರ್ಚಿಗೆ ಸಿಗುವುದು 1,650. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವರು 10 ಮೀಟರ್ ಆಳದಲ್ಲಿ 40 ಲೀಟರ್ ಎಳೆಯುತ್ತಾರೆ, ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಗಾಬರಿಯಾದವರಿಗೆ ಅದರ ಅರ್ಧವೂ ಬರುವುದಿಲ್ಲ.

ಮಾಸ್ಕ್ ಆರಿಸುವುದು ಸುಲಭ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ, ಕೈ ಬಿಟ್ಟರೂ ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು. ಕೂದಲು ಅಂಚಿಗೆ ಸಿಕ್ಕಿದ್ದರೆ ನೀರು ಜಿನುಗುತ್ತದೆ. ಮೀಸೆ ಇರುವವರಿಗೆ ಸ್ವಲ್ಪ ಜಿನುಗುವುದು ತಪ್ಪಿದ್ದಲ್ಲ, ಅಭ್ಯಾಸ ಮಾಡಿಕೊಳ್ಳಿ. ಗಾಜಿಗೆ ಮಂಜು ಕಟ್ಟದಿರಲು ಒಳಗೆ ಉಗುಳಿ, ಬೆರಳಲ್ಲಿ ಸವರಿ, ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಅಸಹ್ಯ ಅನ್ನಿಸಿದರೆ ಒಂದು ತೊಟ್ಟು ಬೇಬಿ ಶಾಂಪೂ ಆಗುತ್ತದೆ.

ನೀರು ಎಷ್ಟೇ ಬೆಚ್ಚಗಿದ್ದರೂ ವೆಟ್‌ಸೂಟ್, ಅಂದರೆ ಮೈಗಂಟುವ ರಬ್ಬರ್ ಉಡುಪು, ಬೇಡ ಅನ್ನಬೇಡಿ. ‘ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು’ ಅಂತ ಗಾದೆ ಮಾಡಿದವರು ಮುಕ್ಕಾಲು ಗಂಟೆ ನೀರೊಳಗೆ ಕೂತಿರಲಿಲ್ಲ. ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ನೀರು ಮೈಯ ಬಿಸಿ ಹೀರುತ್ತದೆ. 28 ಡಿಗ್ರಿ ನೀರಿನಲ್ಲೂ ಕೊನೆಗೆ ನಡುಕ ಬರುತ್ತದೆ. 3 ಮಿಲಿಮೀಟರ್ ದಪ್ಪದ್ದು ಸಾಕು.

ಇನ್ನು ಬಿಸಿಡಿ. ಗಾಳಿ ತುಂಬಿ ಖಾಲಿ ಮಾಡುವ ಜಾಕೆಟ್ ಅದು. ಎಡ ಭುಜದಿಂದ ಇಳಿದ ಕೊಳವೆಯ ತುದಿಯಲ್ಲಿ ಎರಡು ಗುಂಡಿ, ಒಂದು ಗಾಳಿ ತುಂಬಲು, ಒಂದು ಬಿಡಲು. ಯಾವುದು ಯಾವುದು ಅಂತ ಕಣ್ಣು ಮುಚ್ಚಿಕೊಂಡು ಗೊತ್ತಾಗುವವರೆಗೆ ದಡದಲ್ಲೇ ಒತ್ತಿ ನೋಡಿ. ಟ್ಯಾಂಕಿನ ಗಾಳಿಯನ್ನು ಉಸಿರಿಗೆ ಕೊಡುವ ರೆಗ್ಯುಲೇಟರನ್ನು ಬಾಯಿಗಿಟ್ಟು, ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್ ನೋಡುತ್ತಾ ನಾಲ್ಕು ಸಲ ಉಸಿರಾಡಿ. ಮುಳ್ಳು ಅಲ್ಲಾಡದೆ ನಿಂತಿರಬೇಕು. ಪ್ರತಿ ಉಸಿರಿಗೂ ಕುಣಿಯುತ್ತಿದ್ದರೆ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ.

ನಿಮ್ಮ ಜೊತೆಗೆ ಇಳಿಯುವವರನ್ನು ‘ಬಡ್ಡಿ’ ಅನ್ನುತ್ತಾರೆ. ಸಾಲದ ಬಡ್ಡಿಯಲ್ಲ, ಇದು ಕಷ್ಟಕ್ಕಾಗುವ ಬಡ್ಡಿ. ನಿಮ್ಮ ಗಾಳಿ ಮುಗಿದರೆ ಅವರ ರೆಗ್ಯುಲೇಟರಿನ ಹಳದಿ ಜೋಡಿ ಎಲ್ಲಿ ಸಿಕ್ಕಿಸಿದ್ದಾರೆ ಅಂತ ನಿಮಗೆ ಗೊತ್ತಿರಬೇಕು, ನಿಮ್ಮದು ಅವರಿಗೆ. ದೋಣಿಯಿಂದ ಜಿಗಿಯುವ ಮೊದಲೇ ಒಬ್ಬರದನ್ನೊಬ್ಬರು ಮುಟ್ಟಿ ನೋಡಿ.

ಇಳಿಯುವುದು

ಮೊದಲು ಸೊಂಟದಷ್ಟು ನೀರಿನಲ್ಲಿ ಎರಡು ಅಭ್ಯಾಸ ಮಾಡಿಸುತ್ತಾರೆ. ಬೇಗ ಬೇಗ ಮುಗಿಸಿ ಮೀನು ನೋಡೋಣ ಅನ್ನಬೇಡಿ, ಬೇಕಾದರೆ ಹತ್ತು ಸಲ ಮಾಡಿ. ಮೊದಲನೆಯದು ಬಾಯಿಯಿಂದ ರೆಗ್ಯುಲೇಟರ್ ತೆಗೆದು ಮತ್ತೆ ಇಡುವುದು. ತೆಗೆದಾಗ ತುಟಿಯ ಸಂದಿನಿಂದ ಸಣ್ಣ ಸಣ್ಣ ಗುಳ್ಳೆ ಬಿಡುತ್ತಿರಬೇಕು, ಯಾಕೆಂದರೆ ಆಗಲೂ ಉಸಿರು ಕಟ್ಟಬಾರದು. ವಾಪಸ್ ಇಟ್ಟ ಮೇಲೆ ಜೋರಾಗಿ ಒಮ್ಮೆ ಊದಿ ಒಳಗಿನ ನೀರು ಹೊರಹಾಕಿ, ಮೊದಲ ಉಸಿರನ್ನು ಹುಷಾರಾಗಿ ಎಳೆಯಿರಿ. ಊದಲು ಉಸಿರೇ ಉಳಿದಿಲ್ಲವೆಂದರೆ ಮುಂಭಾಗದ ಗುಂಡಿ ಒತ್ತಿದರೆ ಗಾಳಿಯೇ ನೀರನ್ನು ತಳ್ಳುತ್ತದೆ.

ಎರಡನೆಯದು ಮಾಸ್ಕಿನ ನೀರು ತೆಗೆಯುವುದು. ಹೊಸಬರು ಹೆದರುವುದು ಇಲ್ಲೇ. ಅಂಚು ಸ್ವಲ್ಪ ಎತ್ತಿದರೆ ತಣ್ಣನೆಯ ನೀರು ಮೂಗಿನ ಬುಡಕ್ಕೆ ಬಂದು ನಿಲ್ಲುತ್ತದೆ, ಆ ಕ್ಷಣಕ್ಕೆ ಮೂಗು ತಾನಾಗಿ ಉಸಿರೆಳೆಯಲು ನೋಡುತ್ತದೆ. ಎಳೆಯಬೇಡಿ. ಬಾಯಿಂದ ಒಳಗೆ, ಮೂಗಿಂದ ಹೊರಗೆ, ಇದಿಷ್ಟನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಿ. ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ತಲೆ ಸ್ವಲ್ಪ ಮೇಲೆತ್ತಿ, ಮೂಗಿನಿಂದ ನಿಧಾನಕ್ಕೆ ಊದಿ. ಕೆಳಗಿನ ಅಂಚಿನಿಂದ ನೀರು ಬುಳಬುಳ ಅಂತ ಹೋಗಿ ಕಣ್ಣೆದುರು ಬೆಳಕಾಗುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ. ಉಪ್ಪುನೀರು ಕಣ್ಣಿಗೆ ಸ್ವಲ್ಪ ಉರಿಯುತ್ತದೆ, ಅದಕ್ಕಿಂತ ಹೆಚ್ಚಿನ ಅಪಾಯ ಏನಿಲ್ಲ.

ಕೈಸನ್ನೆಗಳಲ್ಲಿ ಒಂದು ನಮಗೆ ಕೈಕೊಡುತ್ತದೆ. ಹೆಬ್ಬೆರಳು ಎತ್ತಿದರೆ ಇಲ್ಲಿ ‘ಸೂಪರ್’ ಅಲ್ಲ, ‘ಮೇಲೆ ಹೋಗೋಣ’ ಅಂತ. ಖುಷಿಯಲ್ಲಿ ಹೆಬ್ಬೆರಳು ತೋರಿಸಿ ಹತ್ತೇ ನಿಮಿಷಕ್ಕೆ ಡೈವ್ ಮುಗಿಸಿಕೊಂಡವರಿದ್ದಾರೆ. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ಏನೋ ಸರಿಯಿಲ್ಲ ಅನ್ನಲು ಅಂಗೈ ಮಲಗಿಸಿ ಆಚೀಚೆ ಅಲ್ಲಾಡಿಸಿ, ಆಮೇಲೆ ಎಲ್ಲಿ ತೊಂದರೆಯೋ ಅಲ್ಲಿಗೆ ಬೆರಳು ತೋರಿಸಿ. ಗಾಳಿ ಮುಗಿಯಿತು ಅನ್ನಲು ಗಂಟಲ ಮುಂದೆ ಕೈಯನ್ನು ಚಾಕುವಿನಂತೆ ಎಳೆಯಿರಿ.

ಈಗ ಒಂದು ಕಿವಿಮಾತು, ನಿಜಕ್ಕೂ ಕಿವಿಯದ್ದೇ. ಇಳಿಯಲು ಶುರು ಮಾಡಿದ ತಕ್ಷಣ, ನೋವು ಬರುವ ಮೊದಲೇ, ಮೂಗು ಹಿಡಿದು ಮೆತ್ತಗೆ ಊದಿ. ಕಿವಿಯೊಳಗೆ ‘ಟಿಕ್’ ಅಂದರೆ ಆಯಿತು. ಅರ್ಧ ಮೀಟರ್, ಒಂದು ಮೀಟರ್‌ಗೊಮ್ಮೆ ಇದನ್ನೇ ಮಾಡುತ್ತಾ ಕಾಲು ಕೆಳಗೆ ತಲೆ ಮೇಲೆ ಇಟ್ಟುಕೊಂಡು ಇಳಿಯಿರಿ. ಹಗ್ಗ ಇದ್ದರೆ ಅದನ್ನು ಹಿಡಿದುಕೊಳ್ಳಿ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಿ, ಬಲವಂತವಾಗಿ ಊದಬೇಡಿ. ನನ್ನ ಮೊದಲ ಡೈವ್‌ನಲ್ಲಿ ಮೂರು ಮೀಟರ್‌ಗೆಲ್ಲ ಎಡಗಿವಿ ಹಿಂಡಲು ಶುರುವಾಗಿತ್ತು. ಮಿಕ್ಕವರೆಲ್ಲ ಕೆಳಗೆ ಕಾಯುತ್ತಿದ್ದಾರೆ, ನನ್ನೊಬ್ಬನಿಂದ ತಡ ಆಗುತ್ತಿದೆ ಅನ್ನುವ ಸಂಕೋಚಕ್ಕೆ ಹಲ್ಲು ಕಚ್ಚಿಕೊಂಡು ಇಳಿದೆ. ಆಮೇಲೆ ಐದು ದಿನ ಆ ಕಿವಿಗೆ ಎಲ್ಲರ ಮಾತೂ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಕೈ ಎತ್ತಿ ಕಿವಿ ತೋರಿಸಿದ್ದರೆ ಎರಡು ನಿಮಿಷ ತಡವಾಗುತ್ತಿತ್ತು, ಅಷ್ಟೆ.

ದಿಬ್ಬದ ಮೇಲೆ

ತಳಕ್ಕೆ ಬಂದ ಮೇಲೆ ಮೊದಲ ಐದು ನಿಮಿಷ ಏನೂ ಮಾಡಬೇಡಿ. ನಿಧಾನವಾಗಿ ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಹೊಸಬರಿಗೆ ‘ಗಾಳಿ ಸಾಲುತ್ತಿಲ್ಲ’ ಅನ್ನಿಸುವುದು ಬಹುಮಟ್ಟಿಗೆ ಗಾಳಿ ಕಡಿಮೆಯಾಗಿ ಅಲ್ಲ, ಒಳಗಿನ ಹಳೆಯ ಗಾಳಿಯನ್ನು ಪೂರ್ತಿ ಬಿಡದೆ ಮೇಲೆ ಮೇಲೆ ಚುಟುಕಾಗಿ ಉಸಿರಾಡುವುದರಿಂದ. ಎದೆ ಹೊಡೆದುಕೊಳ್ಳುತ್ತಿದ್ದರೆ ಈಜುವುದನ್ನು ನಿಲ್ಲಿಸಿ, ಜೊತೆಗಾರರ ತೋಳು ಹಿಡಿದು, ಆರು ಎಣಿಸುತ್ತಾ ಉಸಿರು ಬಿಡಿ. ನಾಲ್ಕನೇ ಉಸಿರಿಗೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಗೇಜನ್ನು ಐದು ನಿಮಿಷಕ್ಕೊಮ್ಮೆ ನೋಡುತ್ತಿರಿ, 100 ಬಾರ್ ಆದಾಗ ಇನ್‌ಸ್ಟ್ರಕ್ಟರಿಗೆ ತಿಳಿಸಿ.

ಆಮೇಲೆ ತೇಲುವ ಪಾಠ. ಬಿಸಿಡಿಗೆ ಚೂರು ಚೂರೇ ಗಾಳಿ ತುಂಬಿ, ಮುಳುಗದೆ ಏಳದೆ ನಿಲ್ಲುವ ಹದ ಹುಡುಕಬೇಕು. ಹದ ಸಿಕ್ಕ ಮೇಲೆ ಗುಂಡಿಯ ಕೆಲಸ ಮುಗಿಯಿತು, ಸಣ್ಣ ಏರಿಳಿತಕ್ಕೆ ನಿಮ್ಮ ಎದೆಯೇ ಬಿಸಿಡಿ. ಒಂದು ಹವಳದ ಗುಡ್ಡೆಯಿಂದ ತೋಳುದ್ದ ಮೇಲೆ ಮಲಗಿದಂತೆ ನಿಂತು, ಎದೆ ತುಂಬ ಎಳೆದುಕೊಂಡು ನೋಡಿ. ತಕ್ಷಣ ಏನೂ ಆಗುವುದಿಲ್ಲ. ಒಂದೆರಡು ಸೆಕೆಂಡು ಬಿಟ್ಟು ಮೈ ಒಂದು ಗೇಣು ಮೇಲಕ್ಕೆ ಏಳುತ್ತದೆ. ಉಸಿರು ಬಿಟ್ಟರೆ, ಮತ್ತೆ ಎರಡು ಸೆಕೆಂಡು ತಡವಾಗಿ, ಒಂದು ಗೇಣು ಇಳಿಯುತ್ತದೆ. ಈ ತಡವನ್ನು ಅರ್ಥ ಮಾಡಿಕೊಳ್ಳದೆ ಹೊಸಬರು ಗುಂಡಿ ಒತ್ತುತ್ತಾರೆ, ಕೈ ಬಡಿಯುತ್ತಾರೆ, ಬಲೂನಿನ ಹಾಗೆ ಮೇಲಕ್ಕೆ ಹೋಗುತ್ತಾರೆ. ಕೈಗಳನ್ನು ಎದೆಯ ಮುಂದೆ ಕಟ್ಟಿಬಿಡಿ. ಕಾಲನ್ನು ಸೈಕಲ್ ತುಳಿದ ಹಾಗೆ ಅಲ್ಲ, ತೊಡೆಯಿಂದ, ಉದ್ದಕ್ಕೆ, ಸೋಮಾರಿಯಂತೆ ಆಡಿಸಿ.

ಸೋಮಾರಿತನ ಯಾಕೆ ಬೇಕು ಅಂತ ನಾನು ಕಲಿತದ್ದು ಮೂರನೇ ಡೈವ್‌ನಲ್ಲಿ. ಒಂದು ಮೀನನ್ನು ಹಿಂಬಾಲಿಸಿ ಗಕ್ಕನೆ ತಿರುಗಿದೆ, ಹಿಂದೆ ‘ಟಕ್’ ಅಂತ ಸದ್ದಾಯಿತು. ನೋಡಿದರೆ ಜಿಂಕೆಯ ಕೊಂಬಿನಂಥ ಹವಳದ ಕವಲೊಂದು, ನನ್ನ ಅಂಗೈಯಷ್ಟು ಉದ್ದದ್ದು, ಕಾಲಿಗೆ ಹಾಕಿದ್ದ ಫಿನ್ ತಾಗಿ ಮುರಿದು ಮರಳ ಮೇಲೆ ಬಿದ್ದಿತ್ತು. ಮುರಿದ ಜಾಗ ಬೆಳ್ಳಗೆ ಹಲ್ಲಿನ ಹಾಗೆ ಕಾಣುತ್ತಿತ್ತು. ಇದು ಬೇಗ ಬೆಳೆಯುವ ಜಾತಿ, ಚೆನ್ನಾಗಿದ್ದರೆ ವರ್ಷಕ್ಕೆ 10 ಸೆಂಟಿಮೀಟರ್. ದುಂಡನೆಯ ಬಂಡೆಯಂಥ ಹವಳಗಳು ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ಬಂಡೆ ಅಂದುಕೊಂಡು ಕೈ ಊರುತ್ತೀರಲ್ಲ, ಅದು ನಮ್ಮಜ್ಜಿಗಿಂತ ಹಳೆಯದಿರಬಹುದು.

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಾವಿರಾರು ಪುಟ್ಟ ಜೀವಿಗಳು ಸುಣ್ಣದ ಮನೆ ಕಟ್ಟಿಕೊಂಡು ಒಟ್ಟಿಗೆ ಇರುತ್ತವೆ. ಅವುಗಳ ಮೈಯೊಳಗೆ ಪಾಚಿ ವಾಸ ಮಾಡುತ್ತದೆ, ಬಿಸಿಲಿನಿಂದ ಊಟ ತಯಾರಿಸಿ ಮನೆ ಮಾಲೀಕರಿಗೂ ಕೊಡುತ್ತದೆ, ಹವಳದ ಬಣ್ಣದಲ್ಲೂ ಬಹುಪಾಲು ಅದರದ್ದೇ. ನೀರು ಬಹಳ ದಿನ ಮಾಮೂಲಿಗಿಂತ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಇಡೀ ಜಗತ್ತಿನಲ್ಲಿ ಇದು ಹಬ್ಬಿದ್ದು ನಾಲ್ಕನೇ ಸಲ ಅಂತ 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು. ಹಾಗಾಗಿ ನೀವು ನೋಡುವ ದಿಬ್ಬದಲ್ಲೂ ಬಿಳಿ ತೇಪೆಗಳಿರಬಹುದು. ನಮ್ಮ ಕೈಲಾದದ್ದು, ಮುಟ್ಟದಿರುವುದು. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬುತೋಳಿನ ಈಜುಡುಗೆ ಹಾಕಿ. ಹವಳಕ್ಕೆ ಹಾನಿ ಅಂತ ಆಕ್ಸಿಬೆನ್‌ಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗಳನ್ನು ಪೆಸಿಫಿಕ್ ಸಾಗರದ ಪಲಾವು ದೇಶ 2020ರಲ್ಲೇ ನಿಷೇಧಿಸಿದೆ, 2021ರಿಂದ ಹವಾಯಿಯಲ್ಲೂ ಮಾರುವಂತಿಲ್ಲ.

ನೋಡಲು ಏನಿದೆ ಅಂತ ಪಟ್ಟಿ ಕೊಡುವುದಿಲ್ಲ. ಒಂದೇ ಕಡೆ ಹತ್ತು ನಿಮಿಷ ನಿಂತರೆ ದಿಬ್ಬವೇ ತೋರಿಸುತ್ತದೆ. ‘ಕರಕರ’ ಸದ್ದು ಕೇಳಿಸಿದರೆ ಗಿಳಿಮೀನು ಹವಳ ಕಚ್ಚುತ್ತಿದೆ ಅಂತ. ತಿಂದ ಸುಣ್ಣವನ್ನು ಹಿಂದಿನಿಂದ ಬಿಳಿ ಮರಳಾಗಿ ಬಿಡುತ್ತದೆ, ನಾವು ಕಾಲು ಚಾಚಿ ಕೂರುವ ಬೆಳ್ಳನೆಯ ಬೀಚಿನಲ್ಲಿ ಎಷ್ಟೋ ಭಾಗ ಅದೇ. ದೊಡ್ಡ ಮೀನೊಂದು ಬಾಯಿ ತೆರೆದುಕೊಂಡು ಸುಮ್ನೆ ನಿಂತಿದ್ದರೆ ಹತ್ತಿರ ಹೋಗಿ ಕೆಡಿಸಬೇಡಿ, ಬೆರಳುದ್ದದ ಕ್ಲೀನರ್ ಮೀನು ಅದರ ಹಲ್ಲು ಕಿವಿರು ಶುಚಿ ಮಾಡುತ್ತಿರುತ್ತದೆ. ಸಮುದ್ರಹೂವಿನ (ಹೂವಿನಂತೆ ಕಾಣುವ ಪ್ರಾಣಿ ಅದು) ಒಳಗಿನ ಕಿತ್ತಳೆ ಬಣ್ಣದ ಕ್ಲೌನ್‌ಫಿಶ್ ನಿಮ್ಮ ಮಾಸ್ಕಿಗೇ ಗುದ್ದಲು ಬಂದರೆ ನಗು ಬರುತ್ತದೆ. ಆ ಗುಂಪಿನ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಜೋಡಿ ಗಂಡೇ ಹೆಣ್ಣಾಗುತ್ತದೆ.

ನಗು ಬಾರದ ಮೀನು ಟೈಟನ್ ಟ್ರಿಗರ್‌ಫಿಶ್. ಮೊಟ್ಟೆ ಕಾಯುವಾಗ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ, ತಲೆಕೆಳಗಾದ ಶಂಕುವಿನಂಥ ಜಾಗವನ್ನೆಲ್ಲ ತನ್ನದು ಅನ್ನುತ್ತದೆ, ಕಚ್ಚಲೂ ಬರುತ್ತದೆ. ಮೇಲಕ್ಕೆ ಓಡಿದರೆ ಅದರ ಜಾಗದೊಳಗೇ ಇರುತ್ತೀರಿ, ಅಡ್ಡಕ್ಕೆ ಈಜಿ ದೂರ ಹೋಗಿ. ಕಲ್ಲಿನಂತೆ ಕೂತಿರುವ ಸ್ಟೋನ್‌ಫಿಶ್, ಮುಳ್ಳುಗರಿಯ ಲಯನ್‌ಫಿಶ್ ತಾವಾಗಿ ಬಂದು ಚುಚ್ಚುವುದಿಲ್ಲ, ನಾವು ಕೈ ಇಟ್ಟರೆ ಮಾತ್ರ. ಚುಚ್ಚಿದರೆ ಮೇಲೆ ಬಂದು ಸುಡದಷ್ಟು ಬಿಸಿ ನೀರಿನಲ್ಲಿ, ಅಂದರೆ 45 ಡಿಗ್ರಿ ಆಸುಪಾಸಿನಲ್ಲಿ, ಆ ಭಾಗವನ್ನು ಅದ್ದಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ನೀರಿನ ಕೆಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರದಲ್ಲೇ ಇದ್ದಂತೆ ಕಾಣುತ್ತದೆ. ಮೇಲೆ ಬಂದು ‘ಇಷ್ಟುದ್ದ ಇತ್ತು’ ಅನ್ನುವಾಗ ಅದನ್ನು ಕಳೆದು ಹೇಳಿ.

ಮೇಲೆ ಬರುವುದು

ಹೆಬ್ಬೆರಳು ಎತ್ತಿದ ಮೇಲೆ ಆತುರ ಬೇಡ. ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬಾರದು, ನಿಮ್ಮದೇ ಸಣ್ಣ ಗುಳ್ಳೆಗಳನ್ನು ಹಿಂದೆ ಹಾಕಬೇಡಿ. ಏರುತ್ತಾ ಹೋದಂತೆ ಬಿಸಿಡಿಯೊಳಗಿನ ಗಾಳಿಯೂ ಹಿಗ್ಗುತ್ತದೆ, ಸ್ವಲ್ಪ ಸ್ವಲ್ಪ ಬಿಡುತ್ತಿರಬೇಕು. 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿಸುತ್ತಾರೆ, ಒತ್ತಡಕ್ಕೆ ಮೈಯಲ್ಲಿ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಹೋಗಲಿ ಅಂತ. ಸೋಡಾ ಬಾಟಲಿಯ ಮುಚ್ಚಳವನ್ನು ಒಮ್ಮೆಲೇ ತೆರೆದರೆ ನೊರೆ ಉಕ್ಕುತ್ತದೆ, ಚೂರು ಚೂರೇ ತಿರುಗಿಸಿದರೆ ಉಕ್ಕುವುದಿಲ್ಲ. ಒಂದು ಕೈ ಮೇಲೆತ್ತಿ, ತಲೆಯೆತ್ತಿ ನೋಡುತ್ತಾ ಬನ್ನಿ, ಮೇಲೆ ದೋಣಿ ಇರಬಹುದು. ನೀರಿನ ಮೇಲೆ ಬಂದೊಡನೆ ಬಿಸಿಡಿಗೆ ಗಾಳಿ ತುಂಬಿ, ದೋಣಿ ಹತ್ತುವವರೆಗೂ ಮಾಸ್ಕ್, ರೆಗ್ಯುಲೇಟರ್ ತೆಗೆಯಬೇಡಿ. ಅಲೆ ಮುಖಕ್ಕೆ ಹೊಡೆಯುವುದು ಆಗಲೇ.

ವಿಮಾನ ಹತ್ತುವುದಿದ್ದರೆ ಒಂದೇ ಡೈವ್ ಆಗಿದ್ದರೆ 12 ಗಂಟೆ, ಜಾಸ್ತಿ ಆಗಿದ್ದರೆ 18 ಗಂಟೆ ಕಾಯಬೇಕು. ಎತ್ತರದ ಬೆಟ್ಟಕ್ಕೆ ಗಾಡಿಯಲ್ಲಿ ಹೋಗುವುದಕ್ಕೂ ಇದೇ ಎಚ್ಚರಿಕೆ. ಸಂಜೆಯ ಮೇಲೆ ಕೀಲು ನೋವು, ಜುಮುಜುಮು, ವಿಪರೀತ ಸುಸ್ತು ಕಂಡರೆ ‘ಈಜಿದ್ದಕ್ಕೆ ಇರಬೇಕು’ ಅಂತ ಮಲಗಬೇಡಿ, ಕೂಡಲೇ ಇನ್‌ಸ್ಟ್ರಕ್ಟರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಅಲ್ಲಿ ಕೊಡುವುದು ಮಾತ್ರ ನಿಜವಾದ ಆಕ್ಸಿಜನ್.

ಎರಡನೇ ಡೈವ್‌ಗೆ ಬೇರೆ ಜಾಗ ತೋರಿಸುತ್ತೇವೆ ಅಂದರೆ ಒಪ್ಪಬೇಡಿ, ಒಂದು ಗಂಟೆ ಬಿಸಿಲಲ್ಲಿ ಕೂತು ನೀರು ಕುಡಿದು ಅದೇ ಗುಡ್ಡೆಗೇ ಮತ್ತೆ ಇಳಿಯಿರಿ. ಮೊದಲ ಸಲ ಗೇಜಿನ ಮುಳ್ಳು, ಇನ್‌ಸ್ಟ್ರಕ್ಟರ ಕೈ ಬಿಟ್ಟು ಬೇರೇನೂ ಕಂಡಿರುವುದಿಲ್ಲ. ಎರಡನೇ ಸಲಕ್ಕೆ ಅದೇ ಹವಳದ ಸಂದಿಯಲ್ಲಿ ಮೊದಲಿಂದಲೂ ಕೂತಿದ್ದ ಸಿಗಡಿಯ ಮೀಸೆ ಕಾಣಿಸುತ್ತದೆ.